ಪಾರ್ಕಿಗೆ ಬಿಟ್ಟ ಜಾಗದಲ್ಲಿ ಸಮುದಾಯ ಭವನ ಕಟ್ಟಲು ಹೊರಟಿದ್ದಾರೆ, ನಿವಾಸಿಗಳು ತಡೆಯಬಹುದಾ?

ನೀವು ಕೇಳಿರುವುದು ಇಷ್ಟು: ಶಿವಮೊಗ್ಗದ ನಿಮ್ಮ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗ ಹಲವು ವರ್ಷಗಳಿಂದ ಹಾಗೇ ಬಿದ್ದಿದೆ. ಈಗ ಅಲ್ಲಿ ಸಮುದಾಯ ಭವನ ಕಟ್ಟುವ ಮಾತು ಎದ್ದಿದೆ. ಅದನ್ನು ಪಾರ್ಕಾಗಿಯೇ ಉಳಿಸಿಕೊಳ್ಳಬಹುದಾ, ಎಲ್ಲಿಂದ ಶುರು ಮಾಡಬೇಕು?

ಉಳಿಸಿಕೊಳ್ಳಬಹುದು. ಶುರು ಮಾಡಬೇಕಾದದ್ದು ನಕ್ಷೆಯಿಂದ. ಬ್ಯಾನರ್, ಧರಣಿ, ಪತ್ರಿಕೆಯವರನ್ನು ಕರೆಸುವುದು ಎಲ್ಲ ಆಮೇಲೆ. ನಾನಿರುವುದೂ ಇದೇ ಊರಿನಲ್ಲಿ, ತುಂಗಾ ನಾಲೆಯ ಆಚೆಗಿರುವ ಒಂದು ಖಾಸಗಿ ಲೇಔಟ್‌ನಲ್ಲಿ. ನಮ್ಮಲ್ಲೂ ಇಂಥದ್ದೇ ಆಯಿತು. ಜಾಗ ಉಳಿಯಿತು, ಈಗ ಅಲ್ಲಿ ಪಾರ್ಕ್ ಇದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಪಾರ್ಕಿನ ಜಾಗದ ಮೇಲೆ ಕಣ್ಣು ಹಾಕುವವರೆಲ್ಲ ಭೂಗಳ್ಳರಲ್ಲ. ಅಂಥವರಾದರೆ ಕೆಲಸ ಸುಲಭ, ಇಡೀ ಬೀದಿ ಒಂದಾಗುತ್ತದೆ. ಕಷ್ಟವಾಗುವುದು ಒಳ್ಳೆಯ ಕೆಲಸದ ಹೆಸರಿನಲ್ಲಿ ಬಂದಾಗ. ಸಮುದಾಯ ಭವನ, ದೇವಸ್ಥಾನ, ಅಂಗನವಾಡಿ, ನೀರಿನ ಟ್ಯಾಂಕು. ಯಾವುದನ್ನು ಬೇಡ ಅನ್ನುತ್ತೀರಿ? ಬೇಡ ಅಂದ ಕೂಡಲೇ ನೀವು ಊರಿನ ವಿರೋಧಿ ಆಗಿಬಿಡುತ್ತೀರಿ.

ಈ ಪ್ರಶ್ನೆಗೆ ದೇಶದ ದೊಡ್ಡ ಕೋರ್ಟು ಯಾವಾಗಲೋ ಉತ್ತರ ಕೊಟ್ಟಿದೆ. ಬೆಂಗಳೂರಿನ ಸದಾಶಿವನಗರದ ಕಡೆ ಪಾರ್ಕಿಗೆ ಮೀಸಲಿದ್ದ ಜಾಗವನ್ನು ಮುಖ್ಯಮಂತ್ರಿಗಳ ಸೂಚನೆಯಂತೆ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಒಂದು ಟ್ರಸ್ಟಿಗೆ ಕೊಟ್ಟಿತ್ತು, ನರ್ಸಿಂಗ್ ಹೋಂ ಕಟ್ಟಲಿಕ್ಕೆ. ಆಸ್ಪತ್ರೆ ಬೇಡ ಅನ್ನುವವರು ಯಾರು? ಆದರೂ ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು, ಗೆದ್ದರು. ಟ್ರಸ್ಟಿನವರು ಸುಪ್ರೀಂ ಕೋರ್ಟಿಗೆ ಹೋದರು. 1991ರಲ್ಲಿ ಅಲ್ಲೂ ನಿವಾಸಿಗಳೇ ಗೆದ್ದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಅವರ ನಡುವಿನ ಈ ಕೇಸನ್ನು ವಕೀಲರೆಲ್ಲ ಬಲ್ಲರು. ಆ ತೀರ್ಪಿನಲ್ಲಿ ನಿಮಗೆ ಬೇಕಾದ ಎರಡು ಮಾತಿವೆ. ಪಾರ್ಕಿಗೆ ಅಂತ ಯೋಜನೆಯಲ್ಲೇ ಬಿಟ್ಟ ಜಾಗವನ್ನು ಆಸ್ಪತ್ರೆಯ ಹೆಸರಿನಲ್ಲಿ ಖಾಸಗಿಯವರಿಗೆ ಕೊಡುವಂತಿಲ್ಲ. ಮತ್ತೆ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸವಾಗಿರುವವರಿಗೆ ಇದೆ. ಮೊದಲು ರಾಜರಿಗೆ, ಶ್ರೀಮಂತರಿಗೆ ಮಾತ್ರ ಇದ್ದ ಉದ್ಯಾನ ಈಗ ಜನ ತಮಗೆ ತಾವೇ ಕೊಟ್ಟುಕೊಂಡ ಉಡುಗೊರೆ ಎಂಬ ಅರ್ಥದ ಮಾತೂ ಅದರಲ್ಲಿದೆ. ನಮ್ಮ ಮನವಿ ಪತ್ರಗಳ ಜೊತೆಗೆಲ್ಲ ಈ ತೀರ್ಪಿನ ಪ್ರತಿ ಇಟ್ಟಿದ್ದೆವು. ಅಧಿಕಾರಿಗಳು ಅದನ್ನು ತಿರುವಿ ನೋಡುತ್ತಿದ್ದ ರೀತಿಯೇ ಬೇರೆ ಇತ್ತು.

ಇನ್ನು ನಕ್ಷೆಯ ವಿಚಾರ. ನಿಮ್ಮ ಲೇಔಟಿಗೆ ಅನುಮೋದನೆ ಕೊಟ್ಟಾಗ ಒಂದು ನಕ್ಷೆ ಮಂಜೂರಾಗಿರುತ್ತದೆ. ಅದರಲ್ಲಿ ಸೈಟುಗಳು, ರಸ್ತೆ, ಪಾರ್ಕ್, ಸಿ.ಎ. ಸೈಟು ಎಲ್ಲ ಬೇರೆ ಬೇರೆ ಗುರುತಾಗಿರುತ್ತವೆ. ನಗರದ ಲೇಔಟ್ ಆದರೆ ಶಿವಮೊಗ್ಗ ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ, ಅಂದರೆ ನಾವೆಲ್ಲ ಸೂಡಾ ಅನ್ನುವ ಕಚೇರಿಯಲ್ಲಿ, ಇದರ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಬ್ರೋಕರ್ ಕೊಟ್ಟ ಬ್ರೋಷರ್‌ನಲ್ಲಿರುವ ನಕ್ಷೆ ಯಾವ ಲೆಕ್ಕಕ್ಕೂ ಇಲ್ಲ. ಸೀಲು, ಸಹಿ ಇರುವ ನಕಲೇ ಬೇಕು.

ನಕ್ಷೆ ಕೈಗೆ ಬಂದಾಗ ಸಿ.ಎ. ಸೈಟು ಎಲ್ಲಿದೆ ಅಂತ ಗುರುತು ಮಾಡಿಕೊಳ್ಳಿ. ಪಾರ್ಕು ಮತ್ತು ಸಿ.ಎ. ಸೈಟು ಒಂದೇ ಅಂತ ತುಂಬಾ ಜನ ತಿಳಿದಿದ್ದಾರೆ. ಎರಡೂ ಬೇರೆ. ಸಿ.ಎ. ಅಂದರೆ ನಾಗರಿಕ ಸೌಲಭ್ಯದ ನಿವೇಶನ. ಶಾಲೆ, ಆಸ್ಪತ್ರೆ, ಸಮುದಾಯ ಭವನ ಇಂಥವಕ್ಕೆ ಅಂತಲೇ ಬಿಟ್ಟಿರುವುದು. ಅಂದರೆ ಭವನಕ್ಕೂ ಅದೇ ನಕ್ಷೆಯಲ್ಲಿ ಜಾಗ ಇರಬಹುದು. ಇದು ಎಷ್ಟು ಉಪಯೋಗಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಖಾಸಗಿ ಲೇಔಟ್ ಆದರೆ ಇನ್ನೊಂದು ತೊಡಕು ಇರುತ್ತದೆ. ಲೇಔಟ್ ಮಾಡಿದವರು ರಸ್ತೆ ಮತ್ತು ಪಾರ್ಕನ್ನು ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಡಬೇಕು. ಕೆಲವು ಕಡೆ ಇದು ಕಾಗದದ ಮೇಲೆ ಆಗಿರುವುದೇ ಇಲ್ಲ. ಆಗ ಆ ಜಾಗದ ಪಹಣಿ ಹಳೇ ಮಾಲೀಕರ ಹೆಸರಿನಲ್ಲೇ ಉಳಿದಿರುತ್ತದೆ. ಅವರೋ, ಅವರ ಮಕ್ಕಳೋ ಅದನ್ನು ಸೈಟು ಮಾಡಿ ಮಾರಲು ಹೊರಡುತ್ತಾರೆ. ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ ನೋಡಿ. ಪಾಲಿಕೆಯಲ್ಲಿ ಈ ಪಾರ್ಕಿಗೆ ಖಾತೆ ಇದೆಯಾ, ಅವರ ಆಸ್ತಿ ರಿಜಿಸ್ಟರಿನಲ್ಲಿ ಸೇರಿದೆಯಾ ಅಂತಲೂ ಕೇಳಿ. 1985ರಲ್ಲೇ ರಾಜ್ಯದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ ಪ್ರತ್ಯೇಕ ಕಾಯ್ದೆ ಬಂದಿದೆ. ಇಂಥ ಜಾಗಗಳ ಪಟ್ಟಿ ಮಾಡುವುದು ಅದರ ಪ್ರಕಾರ ಸ್ಥಳೀಯ ಸಂಸ್ಥೆಯ ಕೆಲಸ. ನಿಮ್ಮ ಪಾರ್ಕ್ ಆ ಪಟ್ಟಿಯಲ್ಲಿದೆಯಾ ಅಂತ ಲಿಖಿತವಾಗಿ ಕೇಳಿ. ಇಲ್ಲ ಅಂದರೆ ಸೇರಿಸಿ ಅಂತ ಅರ್ಜಿ ಕೊಡಿ.

ಊರಿನ ಅಂಚಿನಲ್ಲಿದ್ದು, ಜಾಗ ಲೇಔಟಿಗೆ ಸೇರಿದ್ದಲ್ಲ, ಗೋಮಾಳವೋ, ಬಿ ಖರಾಬೋ (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿ ಇಲ್ಲದ ಜಮೀನು), ಕೆರೆ ಅಂಗಳವೋ ಆಗಿದ್ದರೆ ದಾರಿ ಬೇರೆ. ಆಗ ತಹಶೀಲ್ದಾರರ ಕಚೇರಿ, ಸರ್ವೆ, ಹದ್ದುಬಸ್ತು ಅಂದರೆ ಅಳತೆ ಮಾಡಿ ಗಡಿ ಗುರುತಿಸುವುದು. ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರ್ ಗೊತ್ತಾಗುತ್ತದೆ. ಊರಿನ ಸಾಮುದಾಯಿಕ ಜಮೀನಿನ ಒತ್ತುವರಿ ತೆರವು ಮಾಡಲು ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಜಗ್ಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅಂಥ ಜಾಗಕ್ಕೆ ಈ ತೀರ್ಪು ಹಿಡಿದು ಹೋಗಿ.

ದಾಖಲೆ ಕೊಡಲು ಸತಾಯಿಸಿದರೆ ಮಾಹಿತಿ ಹಕ್ಕು ಇದ್ದೇ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಆದ್ದರಿಂದ ನಕ್ಷೆಗೆ ಒಂದು, ಹಸ್ತಾಂತರದ ಪತ್ರಕ್ಕೆ ಒಂದು, ಭವನದ ಪ್ರಸ್ತಾವದ ಕಡತಕ್ಕೆ ಒಂದು, ಹೀಗೆ ಬೇರೆ ಬೇರೆ ಹಾಕಿ. ಕಡತವನ್ನು ಖುದ್ದಾಗಿ ನೋಡುವುದಕ್ಕೂ ಈ ಕಾಯ್ದೆಯಲ್ಲಿ ಅವಕಾಶ ಇದೆ. ನಮಗೆ ಒಂದು ಕಚೇರಿಯಲ್ಲಿ ಫೈಲ್ ಸಿಗುತ್ತಿಲ್ಲ ಅಂದಿದ್ದರು. ಮೇಲ್ಮನವಿ ಹಾಕಿದ ಮೇಲೆ ಅದೇ ಫೈಲ್ ಸಿಕ್ಕಿತು. ಯಾವ ಅರ್ಜಿ ಕೊಟ್ಟರೂ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. "ಸಾಹೇಬರ ಟೇಬಲ್ಲಿಗೆ ನಾನೇ ಇಡ್ತೀನಿ, ಕೊಡಿ" ಅನ್ನುವವರು ಸಿಗುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿರಬಹುದು. ಆದರೂ ಸೀಲು ಬೇಕು.

ಇನ್ನು ನೆರೆಹೊರೆಯವರು. ಈ ಕೆಲಸದಲ್ಲಿ ಜಾಸ್ತಿ ಶಕ್ತಿ ಬೇಡುವುದು ಇದೇ.

1951ರಲ್ಲಿ ಗೇಣಿದಾರರು ಕಾಗೋಡು ಸತ್ಯಾಗ್ರಹಕ್ಕೆ ನಿಂತ ಜಿಲ್ಲೆ ನಮ್ಮದು. ನೆಲದ ಮಾತಿಗೆ ಬೀದಿಗಿಳಿಯುವುದು ಇಲ್ಲಿನವರಿಗೆ ಹೊಸದಲ್ಲ. ಆದರೆ ಅವರು ಒಂದೇ ಕಷ್ಟವನ್ನು ಒಟ್ಟಿಗೆ ಉಂಡವರು. ಲೇಔಟಿನಲ್ಲಿ ಹಾಗಲ್ಲ. ಒಬ್ಬರು ತೀರ್ಥಹಳ್ಳಿ ಕಡೆಯಿಂದ ತೋಟ ಬಿಟ್ಟು ಬಂದವರು, ಇನ್ನೊಬ್ಬರು ಭದ್ರಾವತಿಯಿಂದ ರಿಟೈರ್ ಆಗಿ ಬಂದವರು, ಮೂರನೆಯವರು ಬಾಡಿಗೆಯವರು. ಮೈದಾನದ ಎದುರು ಮನೆಯವರಿಗೆ ಒಂದು ಲೆಕ್ಕ, ಹಿಂದಿನ ಬೀದಿಯವರಿಗೆ ಇನ್ನೊಂದು. ಅಲ್ಲಿ ಕಾರು ನಿಲ್ಲಿಸುವವರು ಇದ್ದಾರೆ, ದನ ಕಟ್ಟುವವರು ಇದ್ದಾರೆ. ಎಲ್ಲರೂ ಪಾರ್ಕ್ ಬೇಕು ಅಂತಲೇ ಹೇಳುತ್ತಾರೆ, ಸಹಿ ಹಾಕುವಾಗ ಮಾತ್ರ ಹಿಂದೆ ಮುಂದೆ ನೋಡುತ್ತಾರೆ.

ಭವನ ಬೇಕು ಅನ್ನುವವರ ಮಾತನ್ನು ಮೊದಲು ಪೂರ್ತಿ ಕೇಳಿ. ನಮ್ಮ ಬೀದಿಯಲ್ಲಿ ಭವನದ ಪರವಾಗಿ ಗಟ್ಟಿಯಾಗಿ ನಿಂತಿದ್ದವರು ಒಬ್ಬರು ಅಜ್ಜಿ. ಅವರು ಕೇಳಿದ್ದು ಇಷ್ಟೇ: "ಮೊಮ್ಮಗಳ ನಾಮಕರಣಕ್ಕೆ ಛತ್ರದ ಬಾಡಿಗೆ ಕೊಡೋ ಶಕ್ತಿ ನಮಗಿಲ್ಲ. ಮನೆ ಮುಂದೆ ಶಾಮಿಯಾನ ಹಾಕಿದ್ರೆ ಮಳೆ. ನಾವೆಲ್ಲಿ ಮಾಡೋಣ ಹೇಳು ಮಗಾ?" ಈ ಪ್ರಶ್ನೆಗೆ ಮರಗಿಡದ ಭಾಷಣ ಉತ್ತರ ಅಲ್ಲ, ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ಮಳೆ ಹೊಯ್ಯುವ ಊರಿನಲ್ಲಿ ಒಂದು ಸೂರು ಬೇಕು ಅನ್ನುವುದು ನ್ಯಾಯವಾದ ಮಾತೇ.

ಸಿ.ಎ. ಸೈಟು ಆಗ ಕೆಲಸಕ್ಕೆ ಬಂತು. ನಮ್ಮ ನಕ್ಷೆಯಲ್ಲಿ ಅದು ಲೇಔಟಿನ ಇನ್ನೊಂದು ಮೂಲೆಯಲ್ಲಿತ್ತು. ಕಾಂಗ್ರೆಸ್ ಗಿಡ ಬೆಳೆದು, ಮನೆ ಒಡೆದ ಇಟ್ಟಿಗೆ, ಮಣ್ಣು ಸುರಿದು, ಅದು ಸರ್ಕಾರಿ ಜಾಗ ಅಂತ ಯಾರಿಗೂ ನೆನಪಿರಲಿಲ್ಲ. ನಾವು ಮನವಿ ಪತ್ರವನ್ನೇ ಬದಲಾಯಿಸಿದೆವು. ಭವನ ಬೇಡ ಅನ್ನುವ ಸಾಲು ತೆಗೆದು, ಪಾರ್ಕು ಪಾರ್ಕಿನ ಜಾಗದಲ್ಲಿ, ಭವನ ಸಿ.ಎ. ಜಾಗದಲ್ಲಿ, ಎರಡೂ ಬೇಕು ಅಂತ ಬರೆದೆವು. ಅಜ್ಜಿಯೇ ಮೊದಲ ಸಹಿ ಹಾಕಿದರು. ಆಮೇಲೆ ಅವರೇ ಮನೆ ಮನೆಗೆ ಬಂದರು. ಅವರು ಬಾಗಿಲು ತಟ್ಟಿದರೆ ಯಾರೂ "ಆಮೇಲೆ ಬನ್ನಿ" ಅನ್ನುತ್ತಿರಲಿಲ್ಲ. ರಾಜಕಾರಣಿಗಳಿಗೂ ಇದರಿಂದ ಅನುಕೂಲ ಆಯಿತು. ಯಾರ ಮುಂದೆಯೂ ಸೋತ ಹಾಗೆ ಆಗದೆ ಒಪ್ಪಿಕೊಳ್ಳುವ ದಾರಿ ಅವರಿಗೆ ಸಿಕ್ಕಿತು. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ದೊಡ್ಡ ಉತ್ತರ ಇದೇ. ಎದುರಿನವರ ಬೇಡಿಕೆಗೂ ಒಂದು ಜಾಗ ತೋರಿಸಿ.

ದೇವಸ್ಥಾನದ ಪ್ರಸ್ತಾವ ಆದರೆ ಇನ್ನೂ ಹುಷಾರಾಗಿರಿ. ಒಮ್ಮೆ ಕಲ್ಲು ಇಟ್ಟು ಪೂಜೆ ಶುರುವಾದರೆ ಅದನ್ನು ಅಲ್ಲಿಂದ ಎತ್ತುವವರು ಯಾರೂ ಇರುವುದಿಲ್ಲ. ಆ ಮಾತು ಬರುವ ಮೊದಲೇ ಬಡಾವಣೆಯ ಹಿರಿಯರನ್ನು ಕೂರಿಸಿ ಮಾತಾಡಿ.

ಸಹಿ ಸಂಗ್ರಹದ ಜೊತೆ ಒಂದು ಸಂಘ ನೋಂದಾಯಿಸುವುದು ಒಳ್ಳೆಯದು. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಾಕು. ದುಡ್ಡಿನ ಲೆಕ್ಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ವಾಟ್ಸಾಪ್ ಗುಂಪಿಗೂ ಹಾಕಿ. ಜಗಳ ಎಲ್ಲ ಹುಟ್ಟುವುದು ಅಲ್ಲೇ.

ಸಮಯದ ಬಗ್ಗೆ ಎರಡು ಮಾತು. ನಮ್ಮಲ್ಲಿ ಮಳೆಗಾಲದಲ್ಲಿ ಪಾಯ ತೆಗೆಯುವವರು ಕಡಿಮೆ. ಕೆಲಸ ಶುರುವಾಗುವುದು ದಸರಾ, ದೀಪಾವಳಿ ಕಳೆದ ಮೇಲೆ. ಅಷ್ಟರೊಳಗೆ ನಿಮ್ಮ ಕಾಗದ ಎಲ್ಲ ಸಿದ್ಧವಾಗಿರಲಿ. ಜೆಸಿಬಿ ಬರುವುದು ಬಹುತೇಕ ಕಚೇರಿ ಮುಚ್ಚಿರುವ ದಿನ, ಎರಡನೇ ಶನಿವಾರವೋ ಸಾಲು ರಜೆಯೋ ನೋಡಿಕೊಂಡು. ಜಾಗದ ಎದುರು ಮನೆಯವರ ಫೋನಿನಲ್ಲಿ ಬೇಕಾದವರ ನಂಬರ್ ಇರಲಿ. ಬಂದವರ ಹತ್ತಿರ ಕೆಲಸದ ಆದೇಶದ ಪ್ರತಿ ಕೇಳಿ, ವಿಡಿಯೋ ಮಾಡಿ. ಕೈ ಮಾತ್ರ ಮಾಡಬೇಡಿ.

ಪತ್ರಿಕೆಯ ಸಾರ್ವಜನಿಕ ಪ್ರಕಟಣೆಗಳನ್ನೂ ಯಾರಾದರೂ ಒಬ್ಬರು ದಿನಾ ನೋಡುತ್ತಿರಬೇಕು. ಭೂ ಬಳಕೆ ಬದಲಾವಣೆಗೆ ಆಕ್ಷೇಪಣೆ ಕರೆಯುವುದು ಅಲ್ಲೇ, ಒಳಪುಟದ ಸಣ್ಣ ಅಕ್ಷರದಲ್ಲಿ. ಅವಧಿ ದಾಟಿದ ಮೇಲೆ ಕೊಟ್ಟ ಆಕ್ಷೇಪಣೆಗೆ ಬೆಲೆ ಇಲ್ಲ.

ಕೋರ್ಟು ಕೊನೆಗೆ ಇರಲಿ, ಆದರೆ ತಯಾರಿ ಮೊದಲೇ ಆಗಲಿ. ಸರ್ಕಾರದ ಮೇಲೆ ದಾವೆ ಹಾಕಬೇಕಾದರೆ ಸಾಮಾನ್ಯವಾಗಿ ಎರಡು ತಿಂಗಳು ಮೊದಲು ನೋಟಿಸ್ ಕೊಡಬೇಕು. ತುರ್ತು ಇದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸ್ ಇಲ್ಲದೆಯೂ ಹೋಗಬಹುದು. ವಕೀಲರ ಖರ್ಚು ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ.

ಇದೆಲ್ಲ ನಡೆಯುತ್ತಿರುವಾಗಲೇ ಆ ಜಾಗವನ್ನು ಬಳಸಲು ಶುರು ಮಾಡಿ. ಕಳೆ ತೆಗೆಯಿರಿ. ಸಂಜೆ ಮಕ್ಕಳು ಆಡಲಿ, ಹಿರಿಯರು ನಡೆಯಲಿ. ರಾಜ್ಯೋತ್ಸವದ ಬಾವುಟ ಅಲ್ಲೇ ಹಾರಿಸಿ. ದಿನಾ ಜನ ಓಡಾಡುವ ಜಾಗಕ್ಕೆ ಕೈ ಹಾಕಲು ಯಾರಿಗಾದರೂ ಹಿಂಜರಿಕೆ ಆಗುತ್ತದೆ. ಮೊದಲ ಮಳೆ ಬಿದ್ದ ಮೇಲೆ, ಅನುಮತಿ ಪಡೆದು, ಅಂಚಿನಲ್ಲಿ ಗಿಡ ನೆಡಿ. ನೇರಳೆ, ಹೊಂಗೆ, ರೆಂಜೆ, ಹೊಳೆ ದಾಸವಾಳ ನಮ್ಮ ಮಣ್ಣಿಗೆ ಚೆನ್ನಾಗಿ ಬರುತ್ತವೆ. ಬೇಗ ಬೆಳೆಯುತ್ತದೆ ಅಂತ ಯಾರಾದರೂ ಅಕೇಶಿಯಾ ತಂದರೆ ಬೇಡ ಅನ್ನಿ, ಮಲೆನಾಡಿನಲ್ಲಿ ಅದು ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚಿದೆ. ನಡುವಿನ ಜಾಗ ಬಯಲಾಗಿಯೇ ಇರಲಿ. ನೆಲಕ್ಕೆಲ್ಲ ಇಂಟರ್‌ಲಾಕ್ ಹಾಕಿಸಿದರೆ ಮಳೆ ನೀರು ಇಂಗುವುದಿಲ್ಲ, ಮಕ್ಕಳು ಬಿದ್ದರೆ ಮಂಡಿ ಉಳಿಯುವುದಿಲ್ಲ.

ಜಾಗ ಉಳಿದ ಮೇಲೆ ಬೇಲಿ, ಬೋರ್ಡು, ಖಾತೆ ಮೂರನ್ನೂ ಬೆನ್ನು ಹತ್ತಿ ಮಾಡಿಸಿ. ಮೂಲೆಯಲ್ಲಿ ಒಂದು ಪಂಪ್ ಹೌಸ್, ಆಮೇಲೆ ಕಸ ವಿಂಗಡಿಸುವ ಶೆಡ್, ಆಮೇಲೆ ಟವರ್, ಹೀಗೆ ತುಂಡು ತುಂಡಾಗಿ ಕಳೆದುಹೋದ ಪಾರ್ಕುಗಳನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಒಂದೊಂದಕ್ಕೂ ಲಿಖಿತ ಆಕ್ಷೇಪಣೆ ಕೊಡುತ್ತಲೇ ಇರಬೇಕು.

ಸದ್ಯಕ್ಕೆ ಸೋಮವಾರ ಬೆಳಿಗ್ಗೆ ನಕ್ಷೆಯ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಭವನದ ಪ್ರಸ್ತಾವ ಎಲ್ಲಿಗೆ ಬಂದಿದೆ ಅಂತ ಅವತ್ತೇ ಮಾಹಿತಿ ಹಕ್ಕಿನಲ್ಲಿ ಕೇಳಿ. ನಕ್ಷೆ ಸಿಕ್ಕ ಮೇಲೆ ಅದರಲ್ಲಿ ಏನಿದೆ ಅಂತ ಇಲ್ಲಿ ಬರೆಯಿರಿ. ಪಾರ್ಕ್ ಅಂತ ಸ್ಪಷ್ಟವಾಗಿ ಇದ್ದರೆ ಮನವಿ ಪತ್ರದ ಕರಡು ಮಾಡಲು ನಾನು ಸಹಾಯ ಮಾಡುತ್ತೇನೆ.