ಕೌದಿ ತುಂಡುಗಳು ಸೊಟ್ಟ ಆಗುತ್ತಿದ್ದರೆ

ಕೌದಿಗೆ ಬಟ್ಟೆಯ ಚೌಕಗಳನ್ನು ಅಳತೆಗೆ ಕತ್ತರಿಸಿ ಗಂಜಿ ಹಾಕಿದರೂ ಹೊಲಿಯುವಾಗ ಸೊಟ್ಟ ಆಗುತ್ತವೆ ಅಂದಿರಲ್ಲ, ಕಾರಣ ಬಹುಶಃ ಕತ್ತರಿಸಿದ ಮೇಲೆ ಗಂಜಿ ಹಾಕಿದ್ದೇ. ಒದ್ದೆಯಾದ ತುಂಡು ಕುಗ್ಗುತ್ತದೆ, ನೂಲಿನ ಸಾಲಿಗೆ ಓರೆಯಾಗಿ ಕತ್ತರಿಸಿದ ಅಂಚು ಎಳೆದುಕೊಳ್ಳುತ್ತದೆ.

ಮೊದಲು ಬಟ್ಟೆ ಒಗೆದು ಒಣಗಿಸಿ. ಬಣ್ಣ ಬಿಡುತ್ತಾ ಅಂತ ಆಗಲೇ ಗೊತ್ತಾಗುತ್ತದೆ. ಆಮೇಲೆ ಇಡೀ ಬಟ್ಟೆಯನ್ನೇ ಗಂಜಿಯಲ್ಲಿ ಅದ್ದಿ. ಅನ್ನ ಬಸಿದ ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿ. ಒಂದು ಅಗುಳು ಉಳಿದರೂ ಇಸ್ತ್ರಿಗೆ ಅಂಟಿ ಕಂದು ಕಲೆ ಬೀಳುತ್ತದೆ. ಜಾಸ್ತಿ ದಪ್ಪ ಬೇಡ, ಕೈಸೂಜಿ ಇಳಿಯುವುದಿಲ್ಲ.

ನಿಮ್ಮ ಕೊಪ್ಪಳದ ಬಿಸಿಲಲ್ಲಿ ಬೇಗ ಒಣಗುತ್ತೆ ಅಲ್ವಾ, ಸ್ವಲ್ಪ ತೇವ ಇರುವಾಗಲೇ ತಂದು ಇಸ್ತ್ರಿ ಮಾಡಿ. ಎಳೆದು ತಿಕ್ಕಬೇಡಿ, ಒತ್ತಿ ಎತ್ತಿ. ಪೂರ್ತಿ ಒಣಗಿದ ಮೇಲೆ ಕತ್ತರಿಸಿ.

ಕೌದಿ ಮುಗಿದ ಮೇಲೆ ತಪ್ಪದೇ ಒಗೆಯಿರಿ, ಗಂಜಿಗೆ ಜಿರಳೆ ಬರುತ್ತವೆ.