ಪ್ರತಿ: 7075 ಅಲ್ಯೂಮಿನಿಯಂ ಟಿಗ್ ಮಾಡಿಸಿದರೆ ಮತ್ತೆ ಬಿರುಕು ಯಾಕೆ?

ಬೈಕಿನ 7075 (ಒಂದು ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ) ಬ್ರಾಕೆಟ್‌ಗೆ ಟಿಗ್ (ವಿದ್ಯುತ್ ಕಿಡಿಯಿಂದ ಲೋಹ ಕರಗಿಸಿ ಬೆಸೆಯುವ ವಿಧಾನ) ಮಾಡಿಸಿದಿರಿ, ಬೆಸುಗೆ ತಣ್ಣಗಾಗುವಷ್ಟರಲ್ಲೇ ಬಿರುಕು ಬಂತು, ವೆಲ್ಡರ್‌ಗೆ ಕೆಲಸ ಬರಲ್ವಾ ಅಂತ ಕೇಳಿದ್ದೀರಿ. ಪಾಪ, ಅವರನ್ನು ಬೈಯಬೇಡಿ. ಈ ಲೋಹದ ಗುಣವೇ ಹಾಗೆ.

ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ. 7075ರಲ್ಲಿ ಸತು, ಮೆಗ್ನೀಸಿಯಂ, ತಾಮ್ರ ಸೇರಿವೆ. ಅದು ಸುಮಾರು 635 ಡಿಗ್ರಿಯಲ್ಲಿ ಗಟ್ಟಿಯಾಗಲು ಶುರುಮಾಡಿ 477ರ ಹತ್ತಿರ ಮುಗಿಸುತ್ತದೆ. ಅಷ್ಟು ಹೊತ್ತೂ ಗಟ್ಟಿಯಾದ ಲೋಹದ ಕಣಗಳ ನಡುವೆ ತೆಳುವಾದ ದ್ರವದ ಪದರ ಉಳಿದಿರುತ್ತದೆ. ಲೋಹ ಕುಗ್ಗುತ್ತಾ ಎಳೆದಾಗ ಆ ಪದರವೇ ಸೀಳಿಹೋಗುತ್ತದೆ. ನೀವು ನೋಡಿದ ಬಿರುಕು ಬಹುಶಃ ಅದೇ.

ದಾರಿ ಇಲ್ಲ ಅಂತಲ್ಲ. 1991ರಲ್ಲಿ ಕೇಂಬ್ರಿಜ್ ಬಳಿಯ ಟಿಡಬ್ಲ್ಯುಐ ಎಂಬ ವೆಲ್ಡಿಂಗ್ ಸಂಶೋಧನಾ ಸಂಸ್ಥೆ ಫ್ರಿಕ್ಷನ್ ಸ್ಟಿರ್ ವೆಲ್ಡಿಂಗ್ ಕಂಡುಹಿಡಿಯಿತು. ತಿರುಗುವ ಪಿನ್ ಲೋಹವನ್ನು ಕರಗಿಸದೆ, ಮೆತ್ತಗೆ ಮಾಡಿ ಕಲಸುತ್ತದೆ. ಕರಗದಿದ್ದರೆ ಈ ಬಿರುಕಿನ ಮಾತೇ ಇಲ್ಲ, ಅಲ್ವಾ? ರಾಕೆಟ್ ಟ್ಯಾಂಕ್‌ಗಳಿಗೆ ಬಳಸುತ್ತಾರೆ. ಆದರೆ ತುಂಡನ್ನು ಭದ್ರವಾಗಿ ಬಿಗಿದು ಹಿಡಿಯಬೇಕು, ನಿಮ್ಮ ಸೊಟ್ಟ ಬ್ರಾಕೆಟ್‌ಗೆ ಆಗದು.

ನನಗೆ ಜಾಸ್ತಿ ಇಷ್ಟವಾದದ್ದು 2019ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮಾಡಿದ್ದು. ಫಿಲ್ಲರ್ ತಂತಿಗೆ (ಬೆಸೆಯುವಾಗ ಕರಗಿಸಿ ಸಂದಿಗೆ ತುಂಬುವ ತಂತಿ) ಟೈಟಾನಿಯಂ ಕಾರ್ಬೈಡ್‌ನ ನ್ಯಾನೊ ಕಣ ಸೇರಿಸಿದರು. ಲೋಹದ ಕಣಗಳು ಸಣ್ಣಗೆ, ದುಂಡಗೆ ಬೆಳೆದವು. ಹಾಗಾಗಿ ಮಾಮೂಲಿ ಟಿಗ್‌ನಲ್ಲೇ 7075 ಬಿರುಕಿಲ್ಲದೆ ಕೂಡಿತು!

ನಿಮ್ಮ ಕೆಲಸಕ್ಕೆ ಮಾತ್ರ ಹೊಸ ಬ್ರಾಕೆಟ್ಟೇ ವಾಸಿ. ಭಾರ ಹೊರುವ ಭಾಗಕ್ಕೆ ಸುಮ್ನೆ ತೇಪೆ ಬೇಡ. ಬೆಸೆದು ಮಾಡಿಸುವುದಾದರೆ ಬೆಸೆಯಲು ಸುಲಭವಾದ 6061 ಅಲ್ಯೂಮಿನಿಯಂನಲ್ಲಿ, ಸ್ವಲ್ಪ ದಪ್ಪ ಇಟ್ಟು, 4043 ಎಂಬ ಫಿಲ್ಲರ್ ತಂತಿ ಹಾಕಿಸಿ.