ಕನ್ನಡದಲ್ಲಿ ಗೇ ಕಥೆಗಳಿಗೆಂದೇ ಒಂದು ಚಿಕ್ಕ ಪ್ರಕಾಶನ ನಡೆಸೋಕೆ ಆಗುತ್ತಾ?

ನೀವು ಕೇಳಿದ್ದು ಇಷ್ಟು. ಹುಬ್ಬಳ್ಳಿಯಲ್ಲಿದ್ದೀರಿ, ಕೈಯಲ್ಲಿ ಒಂದು ಲಕ್ಷ ರೂಪಾಯಿ ಇದೆ, ಗೇ ಕಥೆ-ಕಾದಂಬರಿಗಳನ್ನಷ್ಟೇ ತರುವ ಒಂದು ಪ್ರಕಾಶನ ಶುರು ಮಾಡಬೇಕು. ದುಡ್ಡು ಮುಳುಗುತ್ತಾ, ಪೊಲೀಸರು ಬರ್ತಾರಾ, ಬರೆಯೋರು ಸಿಗ್ತಾರಾ?

ನಾನು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. 2019ರಲ್ಲಿ ಶುರು ಮಾಡಿದ್ದು, ಇದುವರೆಗೆ ಒಂಬತ್ತು ಪುಸ್ತಕ ಬಂದಿವೆ. ಹಗಲು ಒಂದು ಕಂಪನಿಯಲ್ಲಿ ಲೆಕ್ಕ ಬರೆಯುತ್ತೇನೆ. ಪ್ರಕಾಶನ ಅಂದರೆ ನನ್ನ ಮಂಚದ ಕೆಳಗಿನ ಜಾಗ, ಅಷ್ಟೇ. ಅದರ ಹೆಸರು ಇಲ್ಲಿ ಹಾಕುತ್ತಿಲ್ಲ. ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ.

ಮೊದಲು ದುಡ್ಡು. ನಮ್ಮ ಕಳೆದ ಪುಸ್ತಕದ ಲೆಕ್ಕವನ್ನೇ ಕೊಡುತ್ತೇನೆ. 160 ಪುಟ, ಡೆಮಿ 1/8 ಅಳತೆ. ಒಂದು ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ 16 ಪುಟಕ್ಕೆ ಒಂದು ಫಾರಂ ಅಂತಾರೆ, ಅಂಥ ಹತ್ತು ಫಾರಂ. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟಿದ್ದಕ್ಕೆ, ಮತ್ತು ಕರಡು ತಿದ್ದಿದ್ದಕ್ಕೆ 8,000. ಮುಖಪುಟ ಮಾಡಿಕೊಟ್ಟವರಿಗೆ 6,000. 500 ಪ್ರತಿ ಅಚ್ಚು, ಬೈಂಡಿಂಗ್ ಸೇರಿ 36,000. ಒಟ್ಟು 50,000. ಬೆಲೆ 200 ರೂಪಾಯಿ ಇಟ್ಟೆವು. ಅಂಗಡಿಗೆ 40 ಪರ್ಸೆಂಟ್ ಬಿಟ್ಟರೆ ಕೈಗೆ 120 ಬರುತ್ತದೆ. ಅದರಲ್ಲಿ ಲೇಖಕರ ರಾಯಲ್ಟಿ 20 ತೆಗೆದರೆ ಉಳಿದದ್ದು 100. ಅಂದರೆ ಅಂಗಡಿಯನ್ನೇ ನಂಬಿಕೊಂಡರೆ ಐನೂರಕ್ಕೆ ಐನೂರೂ ಮಾರಿದ ಮೇಲೆ ಹಾಕಿದ ದುಡ್ಡು ಬರುತ್ತದೆ, ಒಂದು ಪೈಸೆ ಮೇಲಿಲ್ಲ! ಓದುಗರಿಗೆ ನಾವೇ ಕಳಿಸಿದರೆ ಬೇರೆ ಲೆಕ್ಕ. 180ಕ್ಕೆ ಕೊಡುತ್ತೇವೆ, ರಾಯಲ್ಟಿ 20, ಅಂಚೆ ಮತ್ತು ಪ್ಯಾಕಿಂಗಿಗೆ ಸುಮಾರು 30, ಉಳಿಯೋದು 130. ಆಗ 385ನೇ ಪ್ರತಿಗೆ ದುಡ್ಡು ವಾಪಸ್. ಅಂಚೆಯ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. 2025ರ ಮೇ 1ರಿಂದ ಪುಸ್ತಕ ಕಳಿಸೋಕೆಂದೇ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಬಂದಿದೆ, 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. 160 ಪುಟದ ಪುಸ್ತಕ ಅದರೊಳಗೆ ಆರಾಮಾಗಿ ಹಿಡಿಸುತ್ತದೆ. 300 ಪುಟದ ಕಾದಂಬರಿ ಹಿಡಿಸೋದಿಲ್ಲ. ಹಾಗಂತ ಕಾದಂಬರಿ ಕತ್ತರಿಸೋಕೆ ಹೋಗಬೇಡಿ.

ಹೀಗಾಗಿ ನಿಮ್ಮ ಒಂದು ಲಕ್ಷ ಅಂದರೆ ಎರಡು ಪುಸ್ತಕ. ಎರಡನ್ನೂ ಒಟ್ಟಿಗೆ ತರಬೇಡಿ. ಗ್ರಂಥಾಲಯಗಳಿಗೆಂದು ಸರ್ಕಾರ ಮಾಡುವ ಸಗಟು ಖರೀದಿಗೆ ಅರ್ಜಿ ಹಾಕಿ, ಆದರೆ ಆ ದುಡ್ಡನ್ನು ಲೆಕ್ಕದಲ್ಲಿ ಹಿಡಿಯಬೇಡಿ, ಬಂದಾಗ ಬಂತು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಕಿಲ್ಲ, ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆ ಕೊಡುತ್ತದೆ. ಮಾಡಿಸಿಕೊಡ್ತೀನಿ ಅಂತ ದುಡ್ಡು ಕೇಳುವವರನ್ನು ಹತ್ತಿರ ಸೇರಿಸಬೇಡಿ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಆದರೆ ಅಚ್ಚಿನ ಬಿಲ್ಲಿನ ಮೇಲೆ ನೀವು ಕಟ್ಟಿದ ಜಿಎಸ್‌ಟಿ ವಾಪಸ್ ಸಿಗೋದೂ ಇಲ್ಲ. ಎಷ್ಟೋ ಜನ ಇದನ್ನು ಮರೆತು ಬೆಲೆ ಇಡುತ್ತಾರೆ.

ಪೊಲೀಸರ ವಿಷಯ. ನಿಮ್ಮ ತಲೆಯಲ್ಲಿ 377 ಕೂತಿದೆ ಅನ್ನಿಸುತ್ತದೆ, ಸಲಿಂಗ ಸಂಬಂಧವನ್ನು ಅಪರಾಧ ಅಂತಿದ್ದ ಹಳೆಯ ದಂಡ ಸಂಹಿತೆಯ (ಐಪಿಸಿ) ಕಲಂ. ದೆಹಲಿ ಹೈಕೋರ್ಟು 2009ರಲ್ಲಿ ಸಡಿಲ ಮಾಡಿತು, ಸುಪ್ರೀಂ ಕೋರ್ಟು 2013ರ ಡಿಸೆಂಬರಿನಲ್ಲಿ ಮತ್ತೆ ಬಿಗಿ ಮಾಡಿತು, 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು ಒಪ್ಪಿತ ಸಂಬಂಧದ ಮಟ್ಟಿಗೆ ಅದನ್ನು ತೆಗೆದುಹಾಕಿತು. ಆದರೆ ಅದು ಕಥೆ ಬರೆಯೋದರ ಮೇಲಿನ ಕಾನೂನು ಯಾವತ್ತೂ ಆಗಿರಲಿಲ್ಲ. ಪುಸ್ತಕಕ್ಕೆ ತಾಗುವುದು ಅಶ್ಲೀಲತೆಯ ಕಾನೂನು. ಹಿಂದೆ ಐಪಿಸಿ 292, ಈಗ ಭಾರತೀಯ ನ್ಯಾಯ ಸಂಹಿತೆಯ 294. ಅದರಲ್ಲಿ ಸಾಹಿತ್ಯ, ಕಲೆಗೆ ವಿನಾಯಿತಿ ಇದೆ. ವಿನಾಯಿತಿ ಇದೆ ಅಂದ ಮಾತ್ರಕ್ಕೆ ಕೇಸೇ ಹಾಕೋದಿಲ್ಲ ಅಂತಲ್ಲ. ಉರ್ದು ಲೇಖಕಿ ಇಸ್ಮತ್ ಚುಗ್ತಾಯಿ ಇಬ್ಬರು ಹೆಂಗಸರ ಸಂಬಂಧದ ಬಗ್ಗೆ ಬರೆದ 1942ರ ‘ಲಿಹಾಫ್’ ಕಥೆಗಾಗಿ ಲಾಹೋರಿನ ಕೋರ್ಟಿಗೆ ಅಲೆದರು. ಗೆದ್ದರು, ಆದರೆ ಅಲೆದಾಟ ತಪ್ಪಲಿಲ್ಲ. ಆರು ವರ್ಷದಲ್ಲಿ ನಮಗೆ ಒಂದು ನೋಟಿಸೂ ಬಂದಿಲ್ಲ. ಒಂದೇ ಒಂದು ವಿಷಯದಲ್ಲಿ ನಾನು ಗಟ್ಟಿ: ಹದಿನೆಂಟು ತುಂಬದವರ ಕಾಮದ ಚಿತ್ರಣ ಇದ್ದರೆ ಹಸ್ತಪ್ರತಿ ವಾಪಸ್. ಹೈಸ್ಕೂಲ್ ಹಾಸ್ಟೆಲಿನ ಕಥೆಗಳು ತುಂಬಾ ಬರುತ್ತವೆ, ಅದಕ್ಕೇ ಹೇಳುತ್ತಿದ್ದೇನೆ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಅದನ್ನು ನೀವು ಕೇಳೇ ಇಲ್ಲ. ಪುಸ್ತಕ ಓದುಗರ ಮನೆಯಲ್ಲಿ ಎಲ್ಲಿರುತ್ತದೆ?

ಮೊದಲ ವರ್ಷ ನಮಗೆ ಹುಮ್ಮಸ್ಸು ಜಾಸ್ತಿ. ಪಾರ್ಸೆಲ್ ಮೇಲೆ ಗೇ ಜನರ ಗುರುತಾದ ಕಾಮನಬಿಲ್ಲಿನ ಸ್ಟಿಕ್ಕರ್, ಪಕ್ಕದಲ್ಲಿ ಪುಸ್ತಕದ ಹೆಸರು. ಒಂದು ರಾತ್ರಿ ಒಂದು ತಾಲೂಕಿನಿಂದ ಫೋನ್ ಬಂತು. ಹುಡುಗ ಪಿಸುಗುಟ್ಟುತ್ತಿದ್ದ. “ಸಾರ್, ಅಮ್ಮ ಬಿಚ್ಚಿದ್ರು.” ನನಗೆ ಕೈಕಾಲು ತಣ್ಣಗಾಯಿತು. ಯಾರದ್ದೋ ಪಾರ್ಸೆಲ್ ತಪ್ಪಿ ಬಂದಿದೆ ಅಂತ ಅವನು ಅಮ್ಮನಿಗೆ ಹೇಳಿದ್ದ. ಅವರು ನಂಬಿದರೋ, ನಂಬಿದ ಹಾಗೆ ಮಾಡಿದರೋ ಗೊತ್ತಿಲ್ಲ. ಕ್ಷಮೆ ಕೇಳಿ ದುಡ್ಡು ವಾಪಸ್ ಮಾಡುತ್ತೇನೆ ಅಂದೆ. ಅವನು, “ದುಡ್ಡು ಬ್ಯಾಡ ಸಾರ್, ಇನ್ನೊಂದು ಕಳಿಸ್ರಿ, ನಮ್ಮ ಗೆಳೆಯನ ಮೆಡಿಕಲ್ ಶಾಪಿಗೆ” ಅಂದ.

ಅವತ್ತಿನಿಂದ ಸಾದಾ ಖಾಕಿ ಕವರ್. ಕಳಿಸಿದವರ ಜಾಗದಲ್ಲಿ ಪ್ರಕಾಶನದ ಹೆಸರು ಮಾತ್ರ. ಆ ಹೆಸರು ನೋಡಿದರೆ ಪಂಚಾಂಗ ಮಾಡುವವರು ಅಂದುಕೊಳ್ಳಬೇಕು, ಹಾಗಿದೆ. ನೀವೂ ಯಾವುದಾದರೂ ಗಿಡದ ಹೆಸರೋ ಹಳ್ಳದ ಹೆಸರೋ ಇಟ್ಟುಕೊಳ್ಳಿ. ಯಾಕೆಂದರೆ ಆ ಹೆಸರು ಕವರಿನ ಮೇಲಷ್ಟೇ ಇರೋದಿಲ್ಲ. ಯುಪಿಐನಲ್ಲಿ ಬರುತ್ತದೆ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಬರುತ್ತದೆ, ಮಗನ ಖಾತೆ ನೋಡುವ ಅಪ್ಪಂದಿರು ನಮ್ಮಲ್ಲಿ ಕಡಿಮೆಯೇನಿಲ್ಲ. ಆರ್ಡರ್ ತೆಗೆದುಕೊಳ್ಳುವಾಗ ಎರಡು ಪ್ರಶ್ನೆ ಕೇಳುತ್ತೇವೆ: ಮನೆಗೇ ಕಳಿಸಬಹುದಾ, ಬೇರೆ ವಿಳಾಸ ಇದೆಯಾ? ಫೋನ್ ಮಾಡಬಹುದಾ, ಮೆಸೇಜ್ ಸಾಕಾ? ಕ್ಯಾಶ್ ಆನ್ ಡೆಲಿವರಿ ಇಟ್ಟೇ ಇಲ್ಲ. ದುಡ್ಡು ಕೊಟ್ಟವರು ಬಿಚ್ಚಿ ನೋಡುತ್ತಾರೆ, ಅದು ಅವರ ತಪ್ಪೂ ಅಲ್ಲ.

ಮುಖಪುಟದ ಮೇಲೆ ನಾವೇ ಜಗಳ ಆಡಿದ್ದೇವೆ. ಮೊದಲ ಪುಸ್ತಕದ ಮೇಲೆ ಇಬ್ಬರು ಗಂಡಸರ ಬರಿ ಬೆನ್ನು. ನನಗೆ ಆಗ ತುಂಬಾ ಇಷ್ಟವಾಗಿತ್ತು. ಒಂದು ಅಂಗಡಿಯಲ್ಲಿ ಅದನ್ನು ಬೋರಲು ಹಾಕಿ ಇಟ್ಟಿದ್ದರು. ಎರಡನೇ ಪುಸ್ತಕಕ್ಕೆ ಚಿತ್ರ ಬರೆದವರು ಒಂದು ಹಗ್ಗ ಎಳೆದು, ಅದರ ಮೇಲೆ ಒಣಗೋಕೆ ಹಾಕಿದ ಎರಡು ಲುಂಗಿ ಬರೆದುಕೊಟ್ಟರು. ಆ ಪುಸ್ತಕ ಟಿವಿ ಪಕ್ಕದ ಶೋಕೇಸಿನಲ್ಲಿ ಕೂತರೂ ಯಾರೂ ಏನೂ ಕೇಳೋದಿಲ್ಲ. ಗೊತ್ತಿರುವವರಿಗೆ ಗೊತ್ತಾಗುತ್ತದೆ. ನನ್ನ ಜೊತೆ ಕೆಲಸ ಮಾಡುವ ಗೆಳೆಯನಿಗೆ ಇದು ಸಿಟ್ಟು. “ನಾವೇ ಬಚ್ಚಿಟ್ಟರೆ ಹೇಗೆ? ಇಷ್ಟಕ್ಕಾ ಪ್ರಕಾಶನ ಮಾಡಿದ್ದು?” ಅಂತಾನೆ. ಅವನ ಮಾತು ತಪ್ಪು ಅಂತ ನಾನು ಹೇಳಲಾರೆ. ಆದರೆ ಬಾಗಿಲು ಹಾಕಿಕೊಳ್ಳೋಕೆ ಸ್ವಂತ ರೂಮಿರುವವನು ಅವನು. ಅಣ್ಣ-ಅತ್ತಿಗೆ ಮಕ್ಕಳ ಜೊತೆ ನಡುಮನೆಯಲ್ಲಿ ಮಲಗುವವನಿಗೂ ನಮ್ಮ ಪುಸ್ತಕ ಬೇಕು. ಕೊನೆಗೆ ರಾಜಿ ಆಗಿದ್ದು ಹೀಗೆ: ಮಳಿಗೆ ಹಾಕಿದಾಗ ಬ್ಯಾನರಿನಲ್ಲಿ ದೊಡ್ಡದಾಗಿ ಬರೆಯೋಣ, ಬೆನ್ನುಡಿಯಲ್ಲಿ ಬೇಡ.

ಇ-ಪುಸ್ತಕ ಇರೋದೇ ಇದಕ್ಕೆ. ಅಚ್ಚು ಮಾಡಿದ ದಿನವೇ ಅದನ್ನೂ ಬಿಡಿ. ಕನ್ನಡ ಇ-ಪುಸ್ತಕ ಮಾರುವ ಮೈಲ್ಯಾಂಗ್ ಆ್ಯಪ್ ಇದೆ, ಗೂಗಲ್ ಪ್ಲೇ ಬುಕ್ಸ್ ಇದೆ. ನಮ್ಮ ಕಳೆದ ಎರಡು ಪುಸ್ತಕ ಕಾಗದಕ್ಕಿಂತ ಫೋನಿನಲ್ಲೇ ಜಾಸ್ತಿ ಹೋಗಿವೆ. ಬಸ್ಸಿನಲ್ಲಿ ಕೂತು ಓದಿದರೆ ಪಕ್ಕದವರಿಗೆ ವಾಟ್ಸಾಪ್ ಅನ್ನಿಸುತ್ತದೆ. ಗಲ್ಫಿನಲ್ಲಿರುವ ನಮ್ಮ ಕರಾವಳಿಯ ಓದುಗರಿಗೆ ಅಚ್ಚಿನ ಪ್ರತಿ ಕಳಿಸಲೇಬೇಡಿ, ಕೇಳಿದರೂ ಕಳಿಸಬೇಡಿ. ಅಲ್ಲಿಯ ಕಾನೂನು ಬೇರೆ.

ಬರೆಯೋರು ಸಿಗ್ತಾರಾ? ಧಂಡಿಯಾಗಿ ಸಿಗುತ್ತಾರೆ. ವಸುಧೇಂದ್ರ ಅವರ ಗೇ ಕಥೆಗಳ ಸಂಕಲನ ‘ಮೋಹನಸ್ವಾಮಿ’ 2013ರಲ್ಲಿ ಬಂತು, ಅದೂ ಅವರದೇ ‘ಛಂದ ಪುಸ್ತಕ’ ಪ್ರಕಾಶನದಿಂದ. ಆ ಪ್ರಕಾಶನ ಗೇ ಪುಸ್ತಕಕ್ಕೆಂದೇ ಇರುವುದಲ್ಲ, ಎಲ್ಲ ಬಗೆಯ ಕನ್ನಡ ಪುಸ್ತಕ ತರುತ್ತದೆ. 2016ರಲ್ಲಿ ರಶ್ಮಿ ತೇರದಾಳ್ ಅನುವಾದದಲ್ಲಿ ‘ಮೋಹನಸ್ವಾಮಿ’ ಹಾರ್ಪರ್‌ಕಾಲಿನ್ಸ್‌ನಿಂದ ಇಂಗ್ಲಿಷಿಗೂ ಹೋಯಿತು. ನನಗೆ ಬರುವ ಹಸ್ತಪ್ರತಿಗಳಲ್ಲಿ ಅರ್ಧದಷ್ಟು ಅದನ್ನು ಓದಿದ ಮೇಲೆ ಬರೆದವು, ಪತ್ರದಲ್ಲೇ ಹಾಗಂತ ಹೇಳಿಕೊಂಡಿರುತ್ತಾರೆ. ದೊಡ್ಡ ಪ್ರಕಾಶಕರು ತರುತ್ತಾರಲ್ಲ, ಬೇರೆ ಪ್ರಕಾಶನ ಯಾಕೆ ಅಂತ ಕೆಲವರು ಕೇಳುತ್ತಾರೆ. ದೊಡ್ಡವರಿಗೆ ವರ್ಷಕ್ಕೆ ಒಂದು ಅಂಥ ಪುಸ್ತಕ ಸಾಕು. ಎರಡನೆಯದು, ಮೂರನೆಯದು, ಕೊಂಚ ಕುಂಟುವ ಮೊದಲ ಸಂಕಲನ, ಅವೆಲ್ಲ ನಮ್ಮ ಬಾಗಿಲಿಗೇ ಬರಬೇಕು.

ಆದರೆ ತಿದ್ದುವ ಕೆಲಸ ಜಾಸ್ತಿ. ಹತ್ತು ಕಥೆ ಬಂದರೆ ಆರರಲ್ಲಿ ಹುಡುಗ ಕೊನೆಗೆ ಸಾಯುತ್ತಾನೆ. ರೈಲು, ಬಾವಿ, ಇಲ್ಲದಿದ್ದರೆ ಮಾತ್ರೆ. ಅಂಥ ಸಾವು ಆಗೋದಿಲ್ಲ ಅಂತಲ್ಲ, ಆಗುತ್ತದೆ, ನನಗೇ ಗೊತ್ತು. ಆದರೆ ಎಷ್ಟೋ ಸಲ ಬರೆದವರಿಗೆ ಮುಂದೆ ಏನು ಮಾಡಿಸಬೇಕು ಅಂತ ತೋಚಿರೋದಿಲ್ಲ, ಅಷ್ಟೇ. “ಸಾಯಿಸಬೇಡಿ, ಸೋಮವಾರ ಬೆಳಗ್ಗೆ ಅವನು ಏನು ಮಾಡ್ತಾನೆ ಬರೀರಿ” ಅಂತ ವಾಪಸ್ ಕಳಿಸುತ್ತೇನೆ. ಇಬ್ಬರೂ ಐಟಿಯವರು, ಇಬ್ಬರೂ ಅಪಾರ್ಟ್‌ಮೆಂಟು, ಜಾತಿ ಇಲ್ಲ, ಬಾಡಿಗೆ ಇಲ್ಲ, ಅಡಿಗೆ ಯಾರು ಮಾಡ್ತಾರೆ ಅನ್ನೋದೇ ಇಲ್ಲ, ಅಂಥವೂ ಬರುತ್ತವೆ. ಅವನ್ನು ಓದುವುದಕ್ಕಿಂತ ಸತ್ತ ಹುಡುಗನ ಕಥೆಯೇ ವಾಸಿ.

ಪದಗಳ ಗೊಡವೆ ಬೇರೆ. ‘ಸಲಿಂಗಕಾಮಿ’ ಅಂತ ಪತ್ರಿಕೆಗಳು ರೂಢಿ ಮಾಡಿವೆ. ಮದುವೆಯಾದ ಗಂಡಸನ್ನು ಯಾರೂ ‘ಸ್ತ್ರೀಕಾಮಿ’ ಅಂತ ಪರಿಚಯ ಮಾಡಿಸೋದಿಲ್ಲ ಅಲ್ವಾ? ನಾವು ನಿರೂಪಣೆಯಲ್ಲಿ ‘ಸಲಿಂಗಿ’ ಅಥವಾ ‘ಗೇ’ ಬಳಸುತ್ತೇವೆ. ಪಾತ್ರಗಳ ಬಾಯಲ್ಲಿ ಏನು ಬರುತ್ತದೋ ಅದೇ ಇರಲಿ, ಬೈಗುಳವಾದರೂ. ‘ಅವನು ಅಂಥವನಂತೆ’ ಅನ್ನೋ ಮಾತಿನಷ್ಟು ನಿಖರವಾದ ಪದ ನಿಘಂಟಿನಲ್ಲಿ ನನಗಂತೂ ಸಿಕ್ಕಿಲ್ಲ.

ಗುಪ್ತನಾಮದ ವಿಷಯದಲ್ಲಿ ಸಡಿಲ ಆಗಬೇಡಿ. ನಮ್ಮ ಒಂಬತ್ತು ಪುಸ್ತಕಗಳಲ್ಲಿ ಆರು ಗುಪ್ತನಾಮದವು. ಕರಾರುಪತ್ರ ಮಾತ್ರ ನಿಜವಾದ ಹೆಸರಿನಲ್ಲೇ ಆಗಬೇಕು, ರಾಯಲ್ಟಿ ಅದೇ ಹೆಸರಿನ ಖಾತೆಗೆ ಹೋಗಬೇಕಲ್ಲ. ಕರಾರಿನಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆಯಿರಿ. ಬರೆಯದಿದ್ದರೆ ಕಾಪಿರೈಟ್ ಕಾಯ್ದೆ ಐದು ವರ್ಷ ಅಂತಲೇ ಹಿಡಿಯುತ್ತದೆ. ಆ ಕರಾರುಗಳನ್ನು ಇ-ಮೇಲಿನಲ್ಲಿ ಇಡಬೇಡಿ, ಕಾಗದದಲ್ಲೇ ಮಾಡಿ ಬೀಗ ಹಾಕಿಡಿ. ಇನ್ನೊಂದು ಅಪಾಯ ಕಥೆಯೊಳಗೇ ಇರುತ್ತದೆ. ಬರೆದವನು ತನ್ನ ಹೆಸರು ಬಚ್ಚಿಟ್ಟು, ಹಳೇ ಗೆಳೆಯನ ಊರು, ಕೆಲಸ, ಹಣೆಯ ಮೇಲಿನ ಗಾಯ ಎಲ್ಲವನ್ನೂ ಇದ್ದ ಹಾಗೇ ಇಟ್ಟಿರುತ್ತಾನೆ. ಆ ಗೆಳೆಯನಿಗೆ ಈಗ ಹೆಂಡತಿ, ಮಕ್ಕಳು. ಇದನ್ನು ನೋಡಿ ಬದಲಿಸುವುದು ಪ್ರಕಾಶಕರ ಕೆಲಸ.

ಅಚ್ಚು ಹಾಕೋರು ಒಪ್ಪುತ್ತಾರಾ ಅಂತ ಯೋಚನೆ ಬಂದಿರಬೇಕು. ಮೊದಲ ಸಲ ಒಬ್ಬರು ನಾಲ್ಕು ಫಾರಂ ಆದ ಮೇಲೆ ಓದಿ ನೋಡಿ, “ನಮ್ಮ ಹುಡುಗ್ರ ಕೈಲಿ ಇದನ್ನ ಹೆಂಗೆ ಮಾಡಿಸೋದು” ಅಂತ ನಿಲ್ಲಿಸಿದರು, ಕಾಗದದ ದುಡ್ಡು ಹೋಯಿತು. ಈಗಿನವರಿಗೆ ಮೊದಲೇ ವಿಷಯ ಹೇಳಿದೆ. ಅವರು ತಲೆ ಎತ್ತದೆ, “ಲಗ್ನಪತ್ರಿಕೆ ಆದ್ರೂ ಅಷ್ಟೇ, ಇದಾದ್ರೂ ಅಷ್ಟೇ ಸಾರ್, ಫಾರಂ ಎಷ್ಟು ಹೇಳಿ” ಅಂದರು. ಅಂಥವರನ್ನು ಹುಡುಕಿ. ಹುಬ್ಬಳ್ಳಿ, ಗದಗದ ಕಡೆ ಒಳ್ಳೆಯ ಪ್ರೆಸ್‌ಗಳಿವೆ, ಬೆಂಗಳೂರಿಗೆ ಬರಬೇಕಿಲ್ಲ.

ಡಿಟಿಪಿ ಮಾಡುವವರು ಇನ್ನೂ ಮುಖ್ಯ. ನಮಗೆ ಮಾಡಿಕೊಡುವ ಅಕ್ಕ ಮೊದಲ ಪುಸ್ತಕ ಮುಗಿಸಿ ಪೆನ್‌ಡ್ರೈವ್ ಕೊಡುವಾಗ ಸ್ವಲ್ಪ ತಡೆದರು. ಏನೋ ಅಂತಾರೆ ಅಂತ ನಾನು ಮೈ ಬಿಗಿ ಮಾಡಿಕೊಂಡು ನಿಂತೆ. “ಸಾರ್, ಆ ಹುಡುಗ ಕೊನೆಗೂ ಅವ್ರಮ್ಮಂಗೆ ಫೋನ್ ಮಾಡ್ಲೇ ಇಲ್ವಾ? ಇನ್ನೊಂದು ಚಾಪ್ಟರ್ ಎಲ್ಲಾದ್ರೂ ಬಿಟ್ಟು ಹೋಗಿದೆಯಾ ನೋಡಿ” ಅಂದರು. ಆಗಿನಿಂದ ಯಾವ ಹಸ್ತಪ್ರತಿ ಬಂದರೂ ಅವರಿಂದ ಒಂದು ಮಾತು ಕೇಳದೆ ಅಚ್ಚಿಗೆ ಕೊಡೋದಿಲ್ಲ.

ಅವರದೇ ಒಂದು ಬುದ್ಧಿಮಾತು ನಿಮಗೂ ದಾಟಿಸುತ್ತೇನೆ. ಲೇಖಕರಿಗೆ ಶುರುವಿನಲ್ಲೇ ಹೇಳಿ, ಯೂನಿಕೋಡಿನಲ್ಲೇ ಟೈಪ್ ಮಾಡಿ ಕಳಿಸಲಿ. ಹಳೇ ನುಡಿ ಫಾಂಟಿನ ಫೈಲನ್ನು ಬದಲಾಯಿಸುವಾಗ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತದೆ. ನಮ್ಮ ಮೂರನೇ ಪುಸ್ತಕದ ನಾಯಕನ ಹೆಸರು ಸೂರ್ಯ. ಆ 140 ಪುಟದಲ್ಲಿ ಅವನನ್ನು ಒಂದೊಂದೇ ಕಡೆ ಹುಡುಕಿ ಸರಿ ಮಾಡೋಕೆ ಎರಡು ಭಾನುವಾರ ಹಿಡಿಯಿತು.